ಚೇಳು ಕಡಿಯದ ಸೊಸೆ

ನನಗೆ ಹಾಸಿಗೆ ಝಾಡಿಸದೆ ಮಲಗಿ ಗೊತ್ತಿಲ್ಲ. ಚಪ್ಪಲಿ ಮೆಟ್ಟುವ ಮೊದಲು ನೆಲಕ್ಕೆ ಬಡಿಯುತ್ತೇನೆ. ಮಡಚಿಟ್ಟ ಸೀರೆಯನ್ನು ಬಿಚ್ಚಿ ಕೊಡವಿಯೇ ಉಡುತ್ತೇನೆ. ಇದು ಅಂಜಿಕೆಯಲ್ಲ, ರೂಢಿ. ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಇದ್ದಾಗ ವಸತಿಗೃಹದ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ದೀಪ ಆರಿಸಿದವಳು ನಾನು. ಮದುವೆಯಾಗಿ ಕುಬಿಹಾಳಕ್ಕೆ ಬಂದು, ಅಲ್ಲಿಯ ಶಾಲೆಯಲ್ಲೇ ಕೆಲಸಕ್ಕೆ ನಿಂತ ಮೇಲೂ ಆ ಗಂಟೆ ತಲೆಯೊಳಗೆ ಬಾರಿಸುತ್ತಲೇ ಇತ್ತು. ಅದರಿಂದ ನನಗೆ ಲಾಭವಾದದ್ದೇ ಹೆಚ್ಚು. ನಷ್ಟವಾದದ್ದು ಒಂದೇ ಸಲ. ಅತ್ತೆಯ ಚೇಳಿನ ಮಂತ್ರ ನನಗೆ ಬರಬೇಕಾದದ್ದು ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಹೋಯಿತು.

ಅತ್ತೆಯ ಹೆಸರು ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ಸುಗ್ಗಿ ಬಂತೆಂದರೆ ನಮ್ಮ ಮನೆಯ ಮುಂದಿನ ಕಟ್ಟೆ ಖಾಲಿ ಇರುತ್ತಿರಲಿಲ್ಲ. ಜೋಳದ ಕಣಿಕೆ ಹೊರುವಾಗ, ಕುಳ್ಳಿನ, ಅಂದರೆ ಬೆರಣಿಯ, ರಾಶಿಗೆ ಕೈ ಹಾಕುವಾಗ, ಹತ್ತಿ ತುಂಬಿದ ಅಂಡಿಗೆ ಸರಿಸುವಾಗ ಚೇಳು ಕಡಿಸಿಕೊಂಡವರು ಹೆಗಲ ಮೇಲೋ ಚಕ್ಕಡಿಯಲ್ಲೋ ಬರುತ್ತಿದ್ದರು. ಅತ್ತೆ ಕಡಿತಕ್ಕೆ ಗುರಿಯಾದ ಕಾಲನ್ನು ಚಾಚಿಸಿ, ಉರಿ ಎಲ್ಲಿಯ ತನಕ ಏರಿದೆ ಎಂದು ಕೇಳಿ, ಅದರ ಮೇಲೆ ಒಂದು ಕರಿದಾರ ಕಟ್ಟುತ್ತಿದ್ದರು. ಆಮೇಲೆ ಬೇವಿನ ತಪ್ಪಲು ಹಿಡಿದು ಮೇಲಿಂದ ಕೆಳಕ್ಕೆ ನೀವುತ್ತಿದ್ದರು. ತುಟಿ ಆಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ನಡುನಡುವೆ ನಿಲ್ಲಿಸಿ, ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಮೊಣಕಾಲಿಗೆ ಬಂತ್ರಿ ಎಂದರೆ ದಾರವನ್ನು ಕೆಳಗೆ ಸರಿಸಿ ಮತ್ತೆ ನೀವುತ್ತಿದ್ದರು. ಕೊನೆಗೆ ಉರಿಯೆಲ್ಲ ಕಡಿದ ಜಾಗಕ್ಕೆ ಬಂದು ನಿಂತಾಗ ತಪ್ಪಲನ್ನು ನೆಲಕ್ಕೆ ಬಡಿದು, ಇಳೀತೇನು ಎನ್ನುತ್ತಿದ್ದರು. ಇಳೀತು ಎಂದು ಕಡಿಸಿಕೊಂಡವರು ತಮ್ಮ ಬಾಯಿಂದಲೇ ಹೇಳಬೇಕು. ಹೇಳುವ ತನಕ ಅತ್ತೆ ಕೂತ ಜಾಗ ಬಿಟ್ಟು ಏಳುವಂತಿಲ್ಲ. ಅರ್ಧಕ್ಕೆ ಯಾರು ಎದ್ದರೂ, ಇವರಾಗಲಿ ಅವರಾಗಲಿ, ಮಂತ್ರ ಬಿದ್ದುಹೋಗುತ್ತದೆ, ಮತ್ತೆಂದೂ ಆ ಕೈಗೆ ಹತ್ತುವುದಿಲ್ಲ ಎಂಬುದು ಕಟ್ಟಳೆ. ದುಡ್ಡು ಮುಟ್ಟುವಂತಿಲ್ಲ. ಬಂದವರ ಮನೆಯ ನೀರನ್ನೂ ಕುಡಿಯುವಂತಿಲ್ಲ.

ಮಂತ್ರ ಅತ್ತೆಗೆ ಬಂದದ್ದು ಅವರ ತವರಾದ ತಿರ್ಲಾಪುರದಲ್ಲಿ. ಲಗ್ನಕ್ಕಿಂತ ಮೊದಲು ಅವರಿಗೆ ಚೇಳು ಕಡಿದಾಗ ಬಾಜು ಮನೆಯ ಸಾಬರ ಮುದುಕಿಯೊಬ್ಬಳು ಇಳಿಸಿದಳಂತೆ. ಮುಂದೊಂದು ಗ್ರಹಣದಲ್ಲಿ ಬಾವಿಯ ನೀರಿನಲ್ಲಿ ನಿಲ್ಲಿಸಿ ಕಿವಿಯಲ್ಲಿ ಹೇಳಿದಳಂತೆ. ಅದರಲ್ಲಿ ಶಿವನ ಹೆಸರೂ ಇದೆ, ಪೀರನ ಹೆಸರೂ ಇದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅತ್ತೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ನಾನು ಇದನ್ನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ, ಮನೆಯ ಬೇರೆ ಹೆಂಗಸರಂತೆ ಸುಮ್ಮನೆ ಅಲ್ಲ. ತರಬೇತಿಯ ದಿನಗಳಲ್ಲೇ ನನಗೆ ಮಂತ್ರಶಾಸ್ತ್ರದ ಹುಚ್ಚು ಹಿಡಿದಿತ್ತು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ವಶೀಕರಣದ ತೆಳ್ಳನೆಯ ಪುಸ್ತಕಗಳಲ್ಲ. ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ ಧೂಳು ಹಿಡಿದಿರುವ ದಪ್ಪ ಪುಸ್ತಕಗಳು. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ಆರು ಕರ್ಮಗಳು ಯಾವುವು, ಒಂದೊಂದಕ್ಕೆ ಯಾವ ದಿಕ್ಕು, ಯಾವ ತಿಥಿ, ಬೀಜಾಕ್ಷರ ಎಂದರೇನು, ನ್ಯಾಸ ಎಂದರೇನು, ದಿಗ್ಬಂಧನ ಏಕೆ ಎಂಬುದೆಲ್ಲ ನನಗೆ ಪಾಠದಂತೆ ಗೊತ್ತಿತ್ತು. ಸಂಸ್ಕೃತದ ಮಂತ್ರಗಳು ಬೇರೆ, ಆಡುಮಾತಿನಲ್ಲೇ ಇರುವ ಶಾಬರ ಮಂತ್ರಗಳು ಬೇರೆ, ಎರಡನೆಯವು ಗುರುವಿನ ಬಾಯಿಂದ ಕಿವಿಗೆ ಬಂದರಷ್ಟೇ ಜೀವಂತ ಎಂಬುದೂ ಗೊತ್ತಿತ್ತು. ಅತ್ತೆ ಕರಿದಾರ ಕಟ್ಟುವುದು ಸ್ತಂಭನ, ನೀವುವುದು ಉಚ್ಚಾಟನ ಎಂದು ನಾನು ಮನಸ್ಸಿನಲ್ಲೇ ವಿಂಗಡಿಸಿಕೊಂಡಿದ್ದೆ. ಆ ಕೇಳುವುದು, ಹೇಳಿಸುವುದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅರ್ಧ ಮಂತ್ರ ಅತ್ತೆಯ ಬಾಯಲ್ಲಿದೆ, ಉಳಿದರ್ಧ ಕಡಿಸಿಕೊಂಡವರ ಬಾಯಲ್ಲಿದೆ ಎಂದು ನನಗೆ ಹೊಳೆದ ದಿನ ನಾನು ಊಟ ಮಾಡಿದ್ದೂ ನೆನಪಿಲ್ಲ.

ಓದಿದ್ದು ಸಾಕಷ್ಟಾಗಿತ್ತು. ಕೈಯಿಂದ ಮಾಡಿ ನೋಡಬೇಕಿತ್ತು. ಅತ್ತೆಗೆ ವಯಸ್ಸಾಗುತ್ತಿತ್ತು, ಹೆಣ್ಣುಮಕ್ಕಳಿರಲಿಲ್ಲ. ಕೊಡುವುದಾದರೆ ಹಿರಿಯ ಸೊಸೆಗೇ ಕೊಡಬೇಕು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಆಗ ಮನೆಗೆ ನೆಗೆಣ್ಣಿ ಬಂದಳು.

ಆಕೆ ದೇವಿಕೊಪ್ಪದ ಕಡೆಯವಳು. ಹೊತ್ತು ಏರಿದ ಮೇಲೆ ಏಳುತ್ತಿದ್ದಳು. ರೊಟ್ಟಿ ಬಡಿಯುತ್ತ ಕತೆ ಹೇಳುತ್ತಿದ್ದಳು, ಕತೆ ಮುಗಿಯುವ ಹೊತ್ತಿಗೆ ಹಂಚಿನ ಮೇಲಿನ ರೊಟ್ಟಿ ಕರಕಾಗಿರುತ್ತಿತ್ತು. ಆ ಕರಕು ರೊಟ್ಟಿಯನ್ನು ಮನೆಯವರೆಲ್ಲ ನಗುನಗುತ್ತ ತಿನ್ನುತ್ತಿದ್ದರು. ನಾನು ಹೊತ್ತಿಗೆ ಸರಿಯಾಗಿ ಮಾಡಿದ ಮೆತ್ತನೆಯ ರೊಟ್ಟಿಗೆ ಒಂದು ದಿನವಾದರೂ ಯಾರೂ ನಕ್ಕದ್ದಿಲ್ಲ. ಶಾಲೆಯಲ್ಲಿ ನಾನು ಗದರಿಸಿದ ಹುಡುಗಿಯರು ಸಂಜೆ ನಮ್ಮ ಮನೆಗೇ ಬಂದು ಆಕೆಯ ಮಗ್ಗುಲಲ್ಲಿ ಕೂತು ಹೆರಳು ಹಾಕಿಸಿಕೊಳ್ಳುತ್ತಿದ್ದರು. ಅತ್ತೆ ಆಕೆಯನ್ನು "ಲೇ ಸಣ್ಣಾಕಿ" ಎನ್ನುತ್ತಿದ್ದರು. ನನ್ನನ್ನು ಹೆಸರಿನ ಮುಂದೆ ಅವ್ವ ಸೇರಿಸಿ ಕರೆಯುತ್ತಿದ್ದರು. ಮರ್ಯಾದೆ ನನಗಿತ್ತು. ಆ "ಲೇ" ನನಗಿರಲಿಲ್ಲ. ಹೊರಗಿನವರಿಗೆ ಇದು ಸಣ್ಣ ಮಾತು. ಒಂದೇ ಒಲೆಯ ಮುಂದೆ ಕೂತವರಿಗೆ ಸಣ್ಣದಲ್ಲ.

ಎಂಬತ್ತನೆಯ ಇಸವಿಯ ಫೆಬ್ರುವರಿಯಲ್ಲಿ ಖಗ್ರಾಸ ಸೂರ್ಯಗ್ರಹಣ ಬರುತ್ತದೆ, ನಮ್ಮ ಸೀಮೆಯಲ್ಲೇ ಹಗಲು ಕತ್ತಲಾಗುತ್ತದೆ ಎಂದು ತಿಂಗಳುಗಟ್ಟಲೆ ಮೊದಲೇ ಸುದ್ದಿ ಹಬ್ಬಿತ್ತು. ಅಂಥ ಗ್ರಹಣ ಇನ್ನು ಅತ್ತೆಯ ಆಯುಷ್ಯದಲ್ಲಿ ಬರಲಾರದು. ಚಳಿ ಬೀಳುವ ಹೊತ್ತಿಗೆ ಅತ್ತೆಯೂ ಮಾತು ತೆಗೆದರು, ಕೈ ನಡುಗಲು ಹತ್ತಿದೆ, ಈ ಗ್ರಹಣಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದರು. ಯಾರಿಗೆ ಎಂದು ಹೇಳಲಿಲ್ಲ. ನಾನು ಮರುದಿನ ಮುಂಜಾನೆ ಮಿಂದು, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅವರು ಕಾಳು ಹಸನು ಮಾಡುತ್ತ ಕೂತಿದ್ದಲ್ಲಿಗೆ ಹೋದೆ.

"ಅತ್ತಿ, ಈ ಗ್ರಹಣಕ್ಕ ನನಗ ಕೊಡ್ರಿ."

ಅವರು ಮೊರದಿಂದ ತಲೆ ಎತ್ತಲಿಲ್ಲ. "ನಿನಗ ಎಂದಾರ ಚೇಳು ಕಡದೈತೇನು?"

"ಇಲ್ರಿ."

"ಹಂಗಾರ ಹೆಂಗ ಕೊಡ್ಲಿ, ಯವ್ವಾ? ಉರಿ ಹೆಂಗ ಏರತೈತಿ ಗೊತ್ತಿಲ್ಲದಾಕಿ, ಇಳೀತೇನು ಅಂತ ಯಾ ಬಾಯಿಲೆ ಕೇಳತಾಳ?"

ನಾನು ಅಲ್ಲೇ ಕೂತೆ. ಯಾವ ಶಾಸ್ತ್ರದಲ್ಲೂ ಈ ಅರ್ಹತೆ ಹೇಳಿರಲಿಲ್ಲ. ಶುಚಿ ಬೇಕು, ಮೌನ ಬೇಕು, ಗುರುಸೇವೆ ಬೇಕು ಎಂದಿತ್ತು. ಎಲ್ಲವೂ ನನ್ನಲ್ಲಿತ್ತು. ಅತ್ತೆ ಬಿಡಿಸಿ ಹೇಳಿದರು. ಕಡಿಸಿಕೊಂಡಿರಬೇಕು, ಯಾರ ಕೈಯಲ್ಲಿ ಇಳಿಯಿತೋ ಅವರಿಂದಲೇ ತೆಗೆದುಕೊಳ್ಳಬೇಕು. ಅವರಿಗೂ ಹಾಗೆಯೇ ಬಂದದ್ದು. ಸಣ್ಣಾಕೆಗೆ ಈ ಮನೆಗೆ ಕಾಲಿಟ್ಟ ವರ್ಷವೇ ಎರಡು ಸಲ ಕಡಿದಿದೆ, ಎರಡು ಸಲವೂ ತಾನೇ ಇಳಿಸಿದ್ದು ಎಂದರು.

ಕಡಿಯದೆ ಏನು ಮಾಡೀತು? ಆಕೆ ಹಾಸಿಗೆ ಝಾಡಿಸುವವಳಲ್ಲ. ಕುಳ್ಳಿನ ರಾಶಿಗೆ ಕತ್ತಲಲ್ಲಿ ಕೈ ಹಾಕುವವಳು. ಹಸಿ ಸೀರೆಯನ್ನು ಹಿತ್ತಲಿನ ಗೋಡೆಯ ಮೇಲೆ ಒಗೆದು ಮರುದಿನ ನೆನಪಾದಾಗ ತರುವವಳು. ಆಕೆಯ ಅಡ್ಡಾದಿಡ್ಡಿತನವೇ ಆಕೆಯ ದೀಕ್ಷೆಯಾಯಿತು. ನನ್ನ ಅಚ್ಚುಕಟ್ಟು ನನ್ನನ್ನು ಹೊರಗೆ ನಿಲ್ಲಿಸಿತು. ಒಬ್ಬರ ಒಡವೆಗೆ, ಒಬ್ಬರ ಬಣ್ಣಕ್ಕೆ ಹೊಟ್ಟೆಕಿಚ್ಚು ಪಟ್ಟವರನ್ನು ನಾನು ಕಂಡಿದ್ದೇನೆ. ಇನ್ನೊಬ್ಬಳಿಗೆ ಚೇಳು ಕಡಿದದ್ದಕ್ಕೆ ಹೊಟ್ಟೆಕಿಚ್ಚು ಪಟ್ಟವಳು ಕುಂದಗೋಳ ತಾಲೂಕಿನಲ್ಲಿ ನಾನೊಬ್ಬಳೇ ಇದ್ದೇನು.

ಗ್ರಹಣಕ್ಕೆ ಇನ್ನೂ ದಿನಗಳಿದ್ದವು. ನಾನು ಚೇಳು ಕಡಿಸಿಕೊಳ್ಳಲು ನಿರ್ಧರಿಸಿದೆ.

ಏನನ್ನೇ ಮಾಡಿದರೂ ನಾನು ಕ್ರಮವಾಗಿ ಮಾಡುವವಳು. ಮೊದಲು ಹಾಸಿಗೆ ಝಾಡಿಸುವುದನ್ನು ಬಿಟ್ಟೆ. ನಿದ್ದೆ ಬರಲಿಲ್ಲ, ಚೇಳೂ ಬರಲಿಲ್ಲ. ಆಮೇಲೆ ಚಪ್ಪಲಿಯನ್ನು ಹಿತ್ತಲಲ್ಲಿ ಬಿಟ್ಟು ಮುಂಜಾನೆ ಬಡಿಯದೆ ಮೆಟ್ಟಿದೆ. ಒಂದು ದಿನ ಕಪ್ಪೆಮರಿ ಸಿಕ್ಕಿತು. ಶಾಲೆ ಬಿಟ್ಟು ಬಂದ ಮೇಲೆ ಕಣಿಕೆಯ ಬಣಿವೆಯ ಬುಡಕ್ಕೆ, ಕಲ್ಲುಗೋಡೆಯ ಸಂದಿಗೆ, ಬಚ್ಚಲ ಹಿಂದಿನ ಕುಳ್ಳಿನ ರಾಶಿಗೆ ಬರಿಗೈ ಹಾಕತೊಡಗಿದೆ. ಚಳಿಗಾಲ. ಚೇಳುಗಳೆಲ್ಲ ಒಳಗೆಲ್ಲೋ ಸೇರಿಕೊಂಡಿದ್ದವು. ಒಂದು ಸಂಜೆ ನಮ್ಮ ಯಜಮಾನರು ಹೊಲದಿಂದ ಬಂದು ನನ್ನನ್ನು ಕಂಡು ನಿಂತರು.

"ಏನ್ ಹುಡುಕಾಕತ್ತೀ ಅಲ್ಲೆ?"

"ಚೇಳು."

"ಬಡಿಗಿ ಕೊಡ್ಲೇನು?"

"ಬ್ಯಾಡ್ರಿ. ಕಡಿಸ್ಕೋಬೇಕಾಗೇತಿ."

ಅವರು ಎತ್ತು ಕಟ್ಟಲು ಹೋದರು. ಆದರೆ ಸುದ್ದಿ ಅಡಿಗೆಮನೆಗೆ ತಲುಪಿತು. ಆ ಹೊತ್ತಿನ ಊಟಕ್ಕೆ ಬಡಿಸುತ್ತ ನೆಗೆಣ್ಣಿ ಎಲ್ಲರ ಮುಂದೆ ಅಂದಳು: "ಅಕ್ಕಾರಿಗೆ ಕಡ್ಯಾಕ ಚೇಳಿಗೂ ಅಂಜಿಕಿ ಬರತೈತ್ರಿ. ಎಲ್ಲಿ ಬಸ್ಕಿ ಹೊಡಸ್ತಾರೋ ಅಂತ."

ಅತ್ತೆ ನಕ್ಕರು. ಮೈದುನನಿಗೆ ಅನ್ನ ನೆತ್ತಿಗೇರಿತು. ಯಜಮಾನರು ತಾಟಿನತ್ತ ಮುಖ ಬಗ್ಗಿಸಿದರು, ಆದರೆ ಭುಜ ಕುಲುಕುತ್ತಿತ್ತು. ಮಾತಿನಲ್ಲಿ ವಿಷವಿರಲಿಲ್ಲ. ವಿಷವಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆಕೆಗೆ ಆ ಮಂತ್ರದ ಮೇಲೆ ಆಸೆಯೇ ಇರಲಿಲ್ಲ. ಕೊಟ್ಟರೆ ತಗೋತೀನಿ, ಇಲ್ಲಂದ್ರ ನಿದ್ದಿ ಮಾಡ್ತೀನಿ ಎನ್ನುವ ಸ್ವಭಾವ. ನಾನು ವರ್ಷಗಟ್ಟಲೆ ಹಸಿದು ಕೂತ ತಾಟಿನ ಮುಂದೆ ಆಕೆ ಹೊಟ್ಟೆ ತುಂಬಿದವಳಂತೆ ಕೂತಿದ್ದಳು. ಅದನ್ನೇ ನಾನು ಸಹಿಸಲಾರದಾದೆ.

ಗ್ರಹಣದ ವಾರ ನನಗೆ ಚೇಳು ಸಿಕ್ಕಿತು. ಶಾಲೆಯ ಕೋಣೆಯಲ್ಲಿ ನಕಾಶೆಗಳನ್ನು ಸುತ್ತಿಡುವ ಮೂಲೆಯಲ್ಲಿ, ಗೋಡೆಗೆ ಅಂಟಿಕೊಂಡು, ನನ್ನ ಬೆರಳಿನಷ್ಟು ಉದ್ದದ ಕೆಂಜು ಚೇಳು. ಮಕ್ಕಳು ಹೊರಗೆ ಆಡುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ, ಮೊಣಕಾಲೂರಿ ಕೂತು, ಎಡಗೈ ಚಾಚಿದೆ. ಅದು ಕೊಂಡಿ ಎತ್ತಿತು. ಇನ್ನು ಸ್ವಲ್ಪ ಮುಂದೆ ಕೈ ಸರಿಸಿದರೆ ಸಾಕು, ಅತ್ತೆಯ ಪ್ರಶ್ನೆಗೆ ಉತ್ತರ ನನ್ನ ಬೆರಳಲ್ಲಿ ಇರುತ್ತಿತ್ತು.

ಅಷ್ಟರಲ್ಲಿ ಟಪ್ಪೆಂದು ಸದ್ದಾಯಿತು. ನೋಡಿದರೆ ನನ್ನ ಬಲಗೈಯಲ್ಲಿ ನನ್ನ ಚಪ್ಪಲಿ ಇತ್ತು. ಚೇಳು ಗೋಡೆಗೆ ಮೆತ್ತಿಹೋಗಿತ್ತು. ನಾನು ಹೊಡೆಯಬೇಕೆಂದು ಹೊಡೆದದ್ದಲ್ಲ. ಅಷ್ಟು ವರ್ಷಗಳ ರೂಢಿ ನನ್ನನ್ನು ಕೇಳದೆ ಕೆಲಸ ಮಾಡಿ ಮುಗಿಸಿತ್ತು. ಗೋಡೆ ಒರೆಸಿ, ನಕಾಶೆಗಳನ್ನು ಸರಿಯಾಗಿಟ್ಟು, ಮುಂದಿನ ಪಾಠಕ್ಕೆ ಗಂಟೆ ಬಾರಿಸಿದೆ.

ಗ್ರಹಣ ಶನಿವಾರ ಬಂತು. ಮುಂಜಾನೆಯ ಶಾಲೆಗೆ ಒಂದು ಮಗುವೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಕುಡಿಯುವ ನೀರಿನ ಕೊಡಗಳಲ್ಲಿ ಕರಿಕೆ ಹುಲ್ಲು ಹಾಕಿಟ್ಟಿದ್ದರು. ಸ್ಪರ್ಶ ಯಾವಾಗ, ಮೋಕ್ಷ ಯಾವಾಗ ಎಂದು ಪಂಚಾಂಗ ನೋಡಿ ಹೇಳಿದವಳು ನಾನೇ. ನೀರಲ್ಲಿ ಪೂರ್ವಕ್ಕೆ ಮುಖ ಮಾಡಬೇಕೋ ಉತ್ತರಕ್ಕೋ ಎಂದು ನೆಗೆಣ್ಣಿ ನನ್ನನ್ನೇ ಕೇಳಿದಳು. ಹೇಳಿದೆ. ಅತ್ತೆ ಆಕೆಯ ಕೈ ಹಿಡಿದು ಹೊಲದ ಮೆಟ್ಟಿಲ ಬಾವಿಯ ಕಡೆಗೆ ಹೊರಟರು. ನಾನು ಬಾಗಿಲು ಹಾಕಿಕೊಂಡು, ಕಿಟಕಿಯ ಸಂದಿಗೆ ಕಣ್ಣು ಹಚ್ಚಿ ನಿಂತೆ.

ಬಿಸಿಲು ಮೊದಲು ಬೂದಿಯ ಬಣ್ಣಕ್ಕೆ ತಿರುಗಿತು. ಕೋಳಿಗಳು ತಾವೇ ಬುಟ್ಟಿಯ ಕೆಳಗೆ ನುಸುಳಿದವು. ಬೇವಿನ ಮರದ ತುಂಬ ಕಾಗೆಗಳು ಬಂದು ಕೂತು ಸುಮ್ಮನಾದವು. ಆಮೇಲೆ ಯಾರೋ ಕಂಬಳಿ ಎಳೆದಂತೆ ಕತ್ತಲಾಯಿತು, ಹಾಡುಹಗಲಿನಲ್ಲಿ ಚಿಕ್ಕೆ ಕಂಡವು. ಯಜಮಾನರು ಒಳಗಿಂದ ಓಂ ನಮಃ ಶಿವಾಯ ಎನ್ನುತ್ತಿದ್ದರು. ಗ್ರಹಣಕಾಲದ ಜಪಕ್ಕೆ ಎಷ್ಟು ಫಲ, ಏಕೆ ಅಷ್ಟು ಫಲ ಎಂದು ನಾನು ಓದಿದ್ದೆಲ್ಲ ಬಾಯಿಪಾಠವಿತ್ತು. ಜಪಿಸಲು ಒಂದು ಅಕ್ಷರವೂ ಇರಲಿಲ್ಲ. ಈಗ ಅತ್ತೆ ಆಕೆಯ ಕಿವಿಯ ಹತ್ತಿರ ಬಾಯಿ ತಂದಿರುತ್ತಾರೆ ಎಂದು ಎಣಿಸಿದೆ. ಈಗ ಹೇಳುತ್ತಿದ್ದಾರೆ. ಈಗ ಹೇಳಿ ಮುಗಿಯಿತು. ಬೆಳಕು ಮರಳುವಾಗ ಊರೆಲ್ಲ ಸಮಾಧಾನದ ಉಸಿರು ಬಿಟ್ಟಿತು, ನಾನು ಬಿಡಲಿಲ್ಲ.

ಇಬ್ಬರೂ ಒದ್ದೆ ಸೀರೆಯಲ್ಲಿ ಬಂದರು. ಅತ್ತೆ ಒಮ್ಮೆಲೇ ಮುದುಕಿಯಾದಂತೆ ಕಂಡರು. ನೆಗೆಣ್ಣಿ ತಲೆ ಒರೆಸಿಕೊಳ್ಳುತ್ತ, ನೀರು ಅಗದಿ ತಣ್ಣಗಿತ್ತು ಅಕ್ಕಾರ, ಹಲ್ಲ ಕಟಕಟ ಅಂದೂವು ಎಂದಳು. ಅಷ್ಟು ದೊಡ್ಡ ಗಳಿಗೆಯ ಬಗ್ಗೆ ಆಕೆಗೆ ಹೇಳಲು ಇದ್ದದ್ದು ಅಷ್ಟೇ.

ಆಮೇಲೆ ಕಟ್ಟೆಗೆ ಬರುವವರು ಆಕೆಯನ್ನು ಕೇಳಿಕೊಂಡು ಬರತೊಡಗಿದರು. ಅತ್ತಿಗಿಂತ ಸೊಸಿ ಕೈ ಹಗರ ಐತಿ ಎಂದು ಓಣಿಯಲ್ಲಿ ಮಾತಾಯಿತು. ಆಕೆ ನೀವುತ್ತ ನೀವುತ್ತ ಬಂದವರಿಗೆ ಕತೆ ಹೇಳಿ ನಗಿಸುತ್ತಿದ್ದಳು. ದಾರ ಕಟ್ಟುವುದು ಕೆಲವು ಸಲ ಮರೆಯುತ್ತಿದ್ದಳು. ಮರೆತರೂ ಇಳಿಯುತ್ತಿತ್ತು. ಕ್ರಮ ತಪ್ಪಿದ ಕ್ರಿಯೆ ಫಲ ಕೊಡಬಾರದು ಎನ್ನುತ್ತದೆ ಶಾಸ್ತ್ರ. ಕೊಡುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ನೋಡುವುದನ್ನು ಬಿಟ್ಟೆ.

ಯುಗಾದಿ ಮುಗಿದು ಬಿಸಿಲು ಬಲಿತ ಮೇಲೆ, ಶಾಲೆಗೆ ರಜೆ ಬಿಟ್ಟ ಹೊಸದರಲ್ಲಿ, ಒಂದು ಮುಂಜಾನೆ ನೀರೊಲೆಗೆ ಕುಳ್ಳು ತರಲು ಹೋದೆ. ಹುಡುಕಾಟ ಬಿಟ್ಟು ಎಷ್ಟೋ ದಿನವಾಗಿತ್ತು. ಎಂದಿನಂತೆ ಕೋಲಿನಿಂದ ರಾಶಿಯನ್ನು ಬಡಿದೆ. ಬಡಿದದ್ದಕ್ಕೆ ಹೊರಬಿದ್ದ ಚೇಳು ನೇರ ನನ್ನ ಎಡಗಾಲಿಗೇ ಬಂದು ಕಡಿಯಿತು.

ಉರಿ ಎಂದರೇನು ಎಂದು ಆಗ ತಿಳಿಯಿತು. ಮೊದಲು ಕಿರುಬೆರಳಿಗೆ ಕೆಂಡ ಇಟ್ಟಂತೆ. ಆಮೇಲೆ ಅದು ನಿಲ್ಲುವುದಿಲ್ಲ, ದಾರಿ ಹುಡುಕಿಕೊಂಡು ಏರುತ್ತದೆ. ಕಟ್ಟೆಯ ತನಕ ಹೇಗೆ ಬಂದೆನೋ. ಬರುವ ಹೊತ್ತಿಗೆ ತೊಡೆಗೆ ಬಂದಿತ್ತು. ಅತ್ತೆ ಓಡಿ ಬಂದು ನನ್ನ ಕಾಲು ಹಿಡಿದರು, ಅವರ ಕೈ ತಾನಾಗಿಯೇ ಬೇವಿನ ಗಿಡದ ಕಡೆ ಹೋಯಿತು, ಅಲ್ಲೇ ನಿಂತಿತು. ಕೊಟ್ಟ ಮಂತ್ರ ಕೊಟ್ಟವರ ಕೈಯಲ್ಲಿ ಉಳಿಯುವುದಿಲ್ಲ, ಅವರ ಹತ್ತಿರ ಈಗ ಏನೂ ಇರಲಿಲ್ಲ.

"ಸಣ್ಣಾಕಿನ್ನ ಕರೀರಿ" ಎಂದರು.

ಆಕೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದಳು. "ಅಂತೂ ಕಡೀತು ಬಿಡ್ರಿ ಅಕ್ಕಾರ" ಎಂದು ನಕ್ಕು, ಹಿಟ್ಟನ್ನು ಸೆರಗಿಗೆ ಒರೆಸಿ, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಓಣಿಯ ಹೆಂಗಸರು ಆಗಲೇ ಸೇರಿದ್ದರು. ಮಾಸ್ತರಬಾಯಿಗೆ ಚೇಳು ಕಡಿದದ್ದು ನೋಡಬೇಕಾದ ಸಂಗತಿಯೇ ಆಗಿತ್ತು.

ಆಕೆ ನೀವಿದಳು. ಎಲ್ಲಿಗೆ ಬಂತ್ರಿ ಎಂದಳು. ತೊಡೆಯಲ್ಲಿ ಎಂದೆ. ಮತ್ತೆ ನೀವಿದಳು. ಈಗ? ತೊಡೆಯಲ್ಲೇ. ನಾನು ಕಂಡವರೆಲ್ಲರಿಗೂ ಇಷ್ಟು ಹೊತ್ತಿಗೆ ಮೊಣಕಾಲಿಗೆ ಬಂದಿರುತ್ತಿತ್ತು. ನನಗೆ ಒಂದು ಬೆರಳೂ ಇಳಿದಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒಳಗೆಲ್ಲೋ ತಣ್ಣನೆಯ ಸಂತೋಷವೊಂದು ಎದ್ದು ಕೂತಿತು. ಅಂದರೆ ಬರಲಿಲ್ಲ ಈಕೆಗೆ. ಬಂದದ್ದೆಲ್ಲ ಊರವರ ಮಾತು.

"ಇಳೀತೇನ್ರಿ ಅಕ್ಕಾರ?"

"ಇಲ್ಲ."

ಅತ್ತೆ ನನ್ನ ಪಕ್ಕಕ್ಕೆ ಬಂದು ಕೂತರು. "ಖರೇ ಹೇಳು, ಯವ್ವಾ."

"ಖರೇನ ಹೇಳಾಕತ್ತೀನ್ರಿ ಅತ್ತಿ. ಇಳಿದಿಲ್ಲ."

ಹಿಂದಿನಿಂದ ಯಾರೋ ಮೆಲ್ಲಗೆ, ಆದರೆ ಕೇಳಿಸುವಂತೆ ಅಂದರು: "ಹೊಟ್ಟ್ಯಾಗಿಂದು ಇಳೀಬೇಕು ಮೊದಲ. ಆಮ್ಯಾಲ ಕಾಲಾಗಿಂದು."

ನಗು ಹರಡಿತು. ನಾನು ನಿಜವನ್ನೇ ಹೇಳುತ್ತಿದ್ದೆ, ಒಬ್ಬರೂ ನಂಬಲಿಲ್ಲ. ನೆಗೆಣ್ಣಿ ಮಾತ್ರ ನಗಲಿಲ್ಲ. ಮತ್ತೆ ಮೇಲಿಂದ ಸುರುಮಾಡಿದಳು. ಒಳಗೆ ಹಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂತು, ಯಾರೋ ಹೋಗಿ ಇಳಿಸಿದರು. ಆಕೆಯ ಕೂಸು ಅಳುತ್ತ ಬಂತು, ಯಾರೋ ಎತ್ತಿಕೊಂಡು ಹೋದರು. ನಾನು ಇಳೀತು ಎನ್ನುವ ತನಕ ಆಕೆ ಏಳುವಂತಿರಲಿಲ್ಲ. ಬಿಸಿಲು ಕಟ್ಟೆಯನ್ನು ಏರಿತು. ಆಕೆಯ ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿಗೆ ಬಂದಿತ್ತು.

ಅಷ್ಟರಲ್ಲಿ ಯಜಮಾನರು ಬಂದರು. ನನ್ನ ಅವಸ್ಥೆ ನೋಡಿ, ಚಕ್ಕಡಿ ಹೂಡಲು ಹೇಳಿ, ನನ್ನ ತೋಳು ಹಿಡಿದರು. "ಏಳು. ಕುಂದಗೋಳಕ್ಕ ಹೋಗೂಣು. ಸೂಜಿ ಮಾಡಿಸ್ಕೊಂಡ ಬರೂಣು."

ಅರ್ಧಕ್ಕೆ ನಾನು ಎದ್ದರೆ ಏನಾಗುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಅವರೊಬ್ಬರಿಗೆ ನೆನಪಿರಲಿಲ್ಲ. ನನ್ನನ್ನು ಯಾರೂ ದೂರುವಂತಿರಲಿಲ್ಲ. ಗಂಡ ದವಾಖಾನೆಗೆ ಕರೆದ, ಹೋದಳು, ಅಷ್ಟೇ. ಎದ್ದು ನಿಂತರೆ ಸಾಕು, ತಿರ್ಲಾಪುರದ ಮುದುಕಿಯಿಂದ ಅತ್ತೆಗೆ, ಅತ್ತೆಯಿಂದ ಈಕೆಗೆ ಬಂದದ್ದು ಇಲ್ಲಿಗೆ ಮುಗಿಯುತ್ತಿತ್ತು. ನನಗಿಲ್ಲದ್ದು ಆಕೆಗೂ ಇರುತ್ತಿರಲಿಲ್ಲ. ವಿದ್ವೇಷಣಕ್ಕೆ ಯಾವ ಹೂವು, ಯಾವ ಎಣ್ಣೆ ಎಂದೆಲ್ಲ ಓದಿದ್ದೆ. ಬರೇ ಎದ್ದು ನಿಲ್ಲುವುದರಿಂದ ಆಗುತ್ತದೆಂದು ಎಲ್ಲೂ ಬರೆದಿರಲಿಲ್ಲ.

ನೆಗೆಣ್ಣಿ ನನ್ನ ಪಾದವನ್ನು ಬಿಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಕೆಯ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. ಮಂತ್ರದ ಬೆಲೆ ಆಕೆಗೆ ಆ ಗಳಿಗೆಯಲ್ಲಿ ಗೊತ್ತಾಯಿತು ಎಂದುಕೊಂಡೆ.

"ಏಳಬ್ಯಾಡ್ರಿ, ಅಕ್ಕಾರ" ಎಂದಳು.

ನಾನು ಏಳಲಿಲ್ಲ. ಇದನ್ನು ಯಾರೂ ನನ್ನ ದೊಡ್ಡತನ ಎಂದು ತಿಳಿಯಬಾರದು. ಊರವರು ಹಾಗೆ ತಿಳಿದರು, ಅತ್ತೆಯೂ ತಿಳಿದರು. ಕಾರಣ ಬೇರೆ ಇತ್ತು. ಆ ಮಂತ್ರ ಬಿದ್ದುಹೋದರೆ ಅದು ಎಲ್ಲಿಯೂ ಇರುವುದಿಲ್ಲ. ನನ್ನ ಕೈಗೆ ಬಾರದಿದ್ದರೂ ನಾನು ಅಷ್ಟು ವರ್ಷ ಬಯಸಿದ್ದು ಆ ಕಟ್ಟೆಯ ಮೇಲೆ, ನನ್ನ ಕಣ್ಣ ಮುಂದೆ ಇರಬೇಕಿತ್ತು. ಇಲ್ಲವಾದದ್ದನ್ನು ಬಯಸುತ್ತ ಕೂಡುವುದು ಹೇಗೆ? ಯಜಮಾನರಿಗೆ, ತಡೀರಿ, ಇನ್ನೊಂದಿಷ್ಟು ನೋಡೋಣ ಎಂದೆ. ಕಾಲು ಚಾಚಿಯೇ ಕೂತೆ.

ಆಕೆ ನೀವುತ್ತ ಹೋದಳು. ಎಷ್ಟು ಹೊತ್ತೋ. ಬೇವಿನ ಎಲೆಗಳು ಉದುರಿ ಬರೇ ಕಡ್ಡಿ ಉಳಿದಾಗ ಅತ್ತೆ ಇನ್ನೊಂದು ತಪ್ಪಲು ಮುರಿದು ಕೊಟ್ಟರು. ಸೇರಿದವರು ಬೇಸತ್ತು ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಉರಿ ಮೊಣಕಾಲಿಗೆ ಬಂದಿತು. ಬಂತು ಎಂದೆ. ಆಮೇಲೆ ಹಿಮ್ಮಡಿಗೆ. ಆಮೇಲೆ ಕಿರುಬೆರಳಿನಲ್ಲಿ ಒಂದು ಚಿಟುಕು ಜುಮ್ಮೆನ್ನುವುದು ಮಾತ್ರ ಉಳಿಯಿತು. ಮಂತ್ರದಿಂದ ಇಳಿಯಿತೋ, ಹೊತ್ತು ಕಳೆದಂತೆ ತಾನಾಗಿ ಇಳಿಯಿತೋ, ಅಷ್ಟು ಓದಿದ ನನಗೆ ಇಂದಿಗೂ ಹೇಳಲು ಬರುವುದಿಲ್ಲ. ಆಕೆ ಸವೆದ ತಪ್ಪಲನ್ನು ನೆಲಕ್ಕೆ ಬಡಿದು ಕೇಳಿದಳು.

"ಇಳೀತು" ಎಂದೆ.

ಆಕೆ ಹಿಂದಕ್ಕೆ ಗೋಡೆಗೆ ಒರಗಿ, ಎರಡೂ ಕೈ ಕೊಡವಿದಳು. ಒಂದು ತಂಬಿಗೆ ನೀರು ಗಟಗಟ ಕುಡಿದಳು. ಹೋಗಿದ್ದ ನಗು ಮರಳಿ ಬಂತು. "ನಿಮ್ಮದನ್ನ ಇಳಿಸೋದ್ರಾಗ ನನ್ನ ರಟ್ಟಿ ಬಿದ್ದೂವು ನೋಡ್ರಿ. ಇನ್ನ ನಿಮಗೂ ತಗೋಳಾಕ ಬರತೈತಿ. ಮುಂದಿನ ಗ್ರಹಣಕ್ಕ ನೀವ ತಗೊಂಡಬಿಡ್ರಿ ಅಕ್ಕಾರ, ನನಗ ಸಾಕಾಗೇತಿ."

ಹಳೆಯ ಸೀರೆಯನ್ನು ಪಾತ್ರೆ ಮಾರುವ ಬೋಗಾರಗಿತ್ತಿಗೆ ಹಾಕುವವರು ಹೀಗೆ ಮಾತಾಡುತ್ತಾರೆ. ನಾನು ಅತ್ತೆಯ ಕಡೆ ನೋಡಿದೆ. ಅವರು ಹೂಂ ಎನ್ನುವಂತೆ ತಲೆ ಆಡಿಸಿದರು, ಮುಖದಲ್ಲಿ ನಿರಾಳವಿತ್ತು. ಹಿರಿಯ ಸೊಸೆಯ ದಾರಿಯೂ ತೆರೆಯಿತಲ್ಲ ಎಂದು ಅವರಿಗೆ ಸಂತೋಷ. ಅವರಿಗೆ ತಿಳಿಯಲಿಲ್ಲ. ನಾನು ಬಯಸಿದ್ದು ಅವರ ಬಾಯಿಂದ, ಆ ಬಾವಿಯಲ್ಲಿ, ಆ ಕತ್ತಲಲ್ಲಿ, ನನ್ನ ಕಿವಿಗೆ. ಅದನ್ನು ಈಕೆ ಎಲ್ಲಿಂದ ಕೊಟ್ಟಾಳು?

"ಬ್ಯಾಡ. ನೀನ ಇಟ್ಕೊ" ಎಂದೆ.

ಆ ಮೇಲೆ ಗ್ರಹಣಗಳು ಬಂದಿವೆ, ಹೋಗಿವೆ. ಅತ್ತೆ ಇಲ್ಲ. ಮಂತ್ರ ಮಾಸದಂತೆ ಪ್ರತಿ ಗ್ರಹಣಕ್ಕೂ ನೀರಲ್ಲಿ ನಿಂತು ನೆನೆಯಬೇಕು. ಆಕೆಗೆ ಇಂದಿಗೂ ಪಂಚಾಂಗ ನೋಡುವ ಸಹನೆ ಇಲ್ಲ. ನಾನೇ ಹೊತ್ತು ನೋಡಿ, ಏಳು, ಹೋಗು ಎಂದು ಎಬ್ಬಿಸಿ ಕಳಿಸುತ್ತೇನೆ. ಹೋಗುವ ಮುಂಚೆ ಆಕೆ ಒಮ್ಮೆ ನಿಂತು, ಬರತೀರೇನ್ರಿ ಅಕ್ಕಾರ, ಈ ಸಲ ಕೊಡ್ಲೇನು ಎಂದು ಕೇಳುತ್ತಾಳೆ. ನಾನು ಒಲ್ಲೆ ಎನ್ನುತ್ತೇನೆ. ಆಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತೇನೆ. ಈಗ ಬಾವಿ ಮುಟ್ಟಿರಬೇಕು, ಈಗ ನೀರಿಗೆ ಇಳಿದಿರಬೇಕು, ಈಗ ತುಟಿ ಆಡಿಸುತ್ತಿರಬೇಕು ಎಂದು ಲೆಕ್ಕ ಹಾಕುತ್ತೇನೆ. ಆಕೆ ತಿರುಗಿ ಬರುವ ತನಕ ನನಗೆ ಬೇರೆ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲ.